ಪೆಟ್ರೋಲ್ ಸಾಲ್ತಿಲ್ಲ, ಬಿಸಿ ಇಳೀತಿಲ್ಲ: ಸೂಪರ್‌ಚಾರ್ಜರ್ ಕಾರಿನ ಜೊತೆ ನನ್ನ ಗುದ್ದಾಟ

ನನ್ನ ಹತ್ರ ಇರೋದು ಎರಡೇ ಸೀಟಿನ ಚಿಕ್ಕ ಸ್ಪೋರ್ಟ್ಸ್ ಕಾರು. ಇಂಜಿನ್ ಸೀಟಿನ ಬೆನ್ನ ಹಿಂದೆ, ರೇಡಿಯೇಟರ್ ಮೂತಿಯಲ್ಲಿ, 1.8 ಲೀಟರ್ ನಾಲ್ಕು ಸಿಲಿಂಡರ್, ಅದರ ಮೇಲೆ ಬೆಲ್ಟಿಂದ ತಿರುಗೋ ರೂಟ್ಸ್ ಮಾದರಿ ಸೂಪರ್‌ಚಾರ್ಜರ್, ಅಂದ್ರೆ ಇಂಜಿನಿಗೆ ಗಾಳಿಯನ್ನ ಒತ್ತಿ ತುಂಬೋ ಬ್ಲೋವರ್. ಬೂಸ್ಟ್ (ಅದು ಹೆಚ್ಚುವರಿಯಾಗಿ ಕೊಡೋ ಗಾಳಿ ಒತ್ತಡ) ಏನು ಮಹಾ ಅಲ್ಲ, 0.5 ಬಾರ್ ಆಸುಪಾಸು. ನಾನು ಮೆಕ್ಯಾನಿಕ್ ಅಲ್ಲ, ಆದ್ರೆ ಸ್ಪ್ಯಾನರ್ ಹಿಡಿಯೋಕೆ ಹೆದರೋನೂ ಅಲ್ಲ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಹಿಂದಿನ ಓನರ್ ಏನೇನು ಮಾಡಿದ್ರು ಅಂತ ಕಾರೇ ಒಂದೊಂದಾಗಿ ಹೇಳಿಕೊಡ್ತಾ ಹೋಯ್ತು.

ತೊಂದರೆ ಎರಡು. ಒಂದು, ಕಾರು ಚೆನ್ನಾಗಿ ಬಿಸಿಯಾಗಿ ಒಂದು ಹದಿನೈದು ಇಪ್ಪತ್ತು ನಿಮಿಷ ಓಡಿದ ಮೇಲೆ ಮೂರನೇ ಗೇರಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ರೆ 5500 ಆರ್‌ಪಿಎಂ ದಾಟ್ತಿದ್ದ ಹಾಗೆ ಯಾರೋ ಹಿಂದಿಂದ ಅಂಗಿ ಹಿಡಿದು ಎಳೆದ ಹಾಗೆ ಆಗ್ತಿತ್ತು. ಇನ್ನೊಂದು, ರೋಡಲ್ಲಿ ಓಡ್ತಿರೋವಾಗ ಕೂಲೆಂಟ್ (ಇಂಜಿನ್ ತಣ್ಣಗಿಡೋ ನೀರು) 88 ಡಿಗ್ರಿ, ನಿಧಾನದ ಟ್ರಾಫಿಕ್ಕಿಗೆ ಸಿಕ್ಕಿದ್ರೆ ಹತ್ತು ನಿಮಿಷಕ್ಕೆ 109. ಎರಡೂ ಒಂದೇ ತಿಂಗಳಲ್ಲಿ ಶುರುವಾಗಿದ್ದಕ್ಕೆ ನಾನು ಎರಡಕ್ಕೂ ಬೇರು ಒಂದೇ ಅಂದ್ಕೊಂಡೆ, ಇಂಜಿನ್ ಬಿಸಿಯಾಗಿ ಪವರ್ ಕಟ್ ಮಾಡ್ತಿದೆ, ಅಷ್ಟೇ ಅಂತ. ಆ ಒಂದು ಅಂದಾಜೇ ನನ್ನ ಎರಡು ತಿಂಗಳು ತಿಂದು ಹಾಕ್ತು.

ಮೊದಲು ಮಾಡಿದ್ದು ಎಲ್ರೂ ಮಾಡೋ ಕೆಲಸ. ಥರ್ಮೋಸ್ಟಾಟ್ ಬದಲಾಯಿಸ್ದೆ. ಆಗ್ಲಿಲ್ಲ. ಸ್ಪಾರ್ಕ್ ಪ್ಲಗ್ ಬದಲಾಯಿಸ್ದೆ, ಮಾಸ್ ಏರ್‌ಫ್ಲೋ ಸೆನ್ಸರ್ ಕ್ಲೀನ್ ಮಾಡ್ದೆ, ರೇಡಿಯೇಟರ್ ಫ್ಯಾನ್ ಸದ್ದು ಮಾಡ್ತಿದೆ ಅಂತ ಅದನ್ನೂ ಹೊಸದು ಹಾಕ್ದೆ (ಈ ಫ್ಯಾನ್ ಕಥೆ ಆಮೇಲೆ ಬರುತ್ತೆ, ನೆನಪಿಟ್ಕೊಳ್ಳಿ). ಹುತ್ತ ಬಡಿದ್ರೆ ಹಾವು ಸಾಯುತ್ತಾ.

ಕೊನೆಗೆ ಪಾರ್ಟ್ಸ್ ತರೋದು ಬಿಟ್ಟು ಒಬಿಡಿ ಅಡಾಪ್ಟರ್ (ಕಾರಿನ ಕಂಪ್ಯೂಟರಿಂದ ಅಂಕಿ ಓದೋ ಸಾಧನ) ಹಾಕಿ ಲಾಗ್ ಮಾಡೋಕೆ, ಅಂದ್ರೆ ಆ ಅಂಕಿಗಳನ್ನ ದಾಖಲಿಸೋಕೆ, ಕೂತೆ, ಎಕ್ಸಾಸ್ಟಿಗೆ ಒಂದು ವೈಡ್‌ಬ್ಯಾಂಡ್ ಸೆನ್ಸರೂ ಹಾಕಿಸ್ದೆ, ಯಾಕಂದ್ರೆ ಕಾರಿನ ಜೊತೆ ಬಂದ ಸಾಮಾನ್ಯ ಆಕ್ಸಿಜನ್ ಸೆನ್ಸರ್ ರಿಚ್ (ಪೆಟ್ರೋಲ್ ಜಾಸ್ತಿ) ಅಥವಾ ಲೀನ್ (ಪೆಟ್ರೋಲ್ ಕಮ್ಮಿ) ಅಂತ ಮಾತ್ರ ಹೇಳುತ್ತೆ, ಎಷ್ಟು ಅಂತ ಹೇಳಲ್ಲ. ಪೆಟ್ರೋಲ್ ಪೂರ್ತಿ ಸುಡೋಕೆ ಗಾಳಿ 14.7 ಪಾಲು, ಪೆಟ್ರೋಲ್ ಒಂದು ಪಾಲು ಬೇಕು, ಅದು ತೂಕದ ಲೆಕ್ಕ. ಬೂಸ್ಟಲ್ಲಿ ಮಾತ್ರ ಬೇಕಂತಲೇ ಪೆಟ್ರೋಲ್ ಜಾಸ್ತಿ ಬಿಟ್ಟು 11.5ರಿಂದ 12ರ ಒಳಗೆ ಇಟ್ಕೋತಾರೆ, ಹೆಚ್ಚಿನ ಪೆಟ್ರೋಲ್ ಆವಿಯಾಗ್ತಾ ಸಿಲಿಂಡರ್ ಒಳಗಿನ ಬಿಸಿ ಇಳಿಸುತ್ತೆ, ನಾಕ್ ಆಗೋದು (ಪೆಟ್ರೋಲ್ ಅಂಕೆ ಮೀರಿ ತಾನಾಗೇ ಸಿಡಿಯೋದು) ತಪ್ಪುತ್ತೆ. ನನ್ನ ಲಾಗಲ್ಲಿ ಕೆಳಗಿನ ಆರ್‌ಪಿಎಂನಲ್ಲಿ 11.8 ಇದ್ದಿದ್ದು ಎಳೆದು ಹಿಡಿದಂಗೆ ಆಗೋ ಜಾಗದಲ್ಲಿ 13.2ಕ್ಕೆ ಹೋಗ್ತಿತ್ತು, ಅದೇ ಕ್ಷಣಕ್ಕೆ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಇಗ್ನಿಷನ್ ಟೈಮಿಂಗನ್ನ ಹಿಂದಕ್ಕೆ ಎಳೀತಿತ್ತು (ಕಿಡಿ ಕೊಡೋದನ್ನ ತಡ ಮಾಡ್ತಿತ್ತು). ಅಂದ್ರೆ ಅಂಗಿ ಹಿಡಿದು ಎಳೀತಿದ್ದೋರು ಇಸಿಯು ಸಾಹೇಬ್ರು, ನಾಕ್ ಕೇಳಿಸ್ಕೊಂಡು ಇಂಜಿನ್ ಉಳಿಸೋಕೆ ಮಾಡ್ತಿದ್ದ ಕೆಲಸ. ಕೂಲೆಂಟ್ ಆ ಹೊತ್ತಿಗೆ 92 ಅಷ್ಟೇ. ನನ್ನ ಥಿಯರಿ ಅಲ್ಲೇ ಸತ್ತು ಹೋಯ್ತು.

ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನ ನೂರಕ್ಕೆ ಎಷ್ಟು ಹೆಚ್ಚು ಕಮ್ಮಿ ಮಾಡ್ತಿದೆ ಅನ್ನೋ ಲೆಕ್ಕ) ನೋಡಿದ್ರೆ ಐಡಲಲ್ಲಿ (ನಿಂತಲ್ಲೇ ಇಂಜಿನ್ ಓಡ್ತಿರೋವಾಗ) +2, ಸಮನಾಗಿ ಓಡ್ತಿರೋವಾಗ +4, ಏನೂ ಗಾಬರಿ ಪಡೋ ಅಂಥದ್ದಲ್ಲ. ಐಡಲಲ್ಲಿ ಟ್ರಿಮ್ ಜಾಸ್ತಿ ಇದ್ದು ಆರ್‌ಪಿಎಂ ಏರಿದ ಹಾಗೆ ಇಳಿದ್ರೆ ಎಲ್ಲೋ ಗಾಳಿ ಲೀಕ್ ಇದೆ ಅಂತ, ಲೋಡ್ ಜೊತೆ ಏರ್ತಾ ಹೋದ್ರೆ ಪೆಟ್ರೋಲ್ ಸಾಲ್ತಿಲ್ಲ ಅಂತ. ಆದ್ರೆ ಫುಲ್ ಥ್ರಾಟಲಲ್ಲಿ ಇಸಿಯು ಆಕ್ಸಿಜನ್ ಸೆನ್ಸರ್ ಮಾತು ಕೇಳೋದೇ ನಿಲ್ಲಿಸಿ ತನ್ನ ಟೇಬಲ್ ಪ್ರಕಾರ ಪೆಟ್ರೋಲ್ ಬಿಡುತ್ತೆ, ಅಲ್ಲಿ ಕಮ್ಮಿ ಬಿದ್ರೆ ಸರಿ ಮಾಡೋರು ಯಾರೂ ಇಲ್ಲ. ಅದಕ್ಕೇ ಎಂಜಿನ್ ಲೈಟೂ ಬಂದಿರ್ಲಿಲ್ಲ, ಕೋಡೂ ಇರ್ಲಿಲ್ಲ.

ಇನ್ನು ಪ್ರೆಷರ್ ನೋಡ್ಬೇಕಿತ್ತು. ಫ್ಯೂಯಲ್ ರೈಲಿಗೆ (ಪೆಟ್ರೋಲ್ ಸಿಂಪಡಿಸೋ ಇಂಜೆಕ್ಟರುಗಳಿಗೆ ಅದನ್ನ ಹಂಚೋ ಪೈಪ್) ಗೇಜ್ ಹಾಕಿ ಪೈಪನ್ನ ಕ್ಯಾಬಿನ್ ಒಳಗೆ ತಗೊಂಡು ಬರೋರನ್ನ ನೋಡಿದೀನಿ, ದಯವಿಟ್ಟು ಮಾಡ್ಬೇಡಿ, ಪೆಟ್ರೋಲ್ ತುಂಬಿದ ಪೈಪ್ ತೊಡೆ ಮೇಲೆ ಇಟ್ಕೊಂಡು ಓಡಿಸೋದು ಅಂದ್ರೆ ಏನು ಅಂತ ಒಂದ್ಸಲ ಯೋಚನೆ ಮಾಡಿ. ನಾನು ರೈಲಿಗೆ ಎಲೆಕ್ಟ್ರಿಕ್ ಸೆನ್ಸರ್ ಹಾಕಿ ವೈರ್ ಮಾತ್ರ ಒಳಗೆ ತಂದೆ. ನನ್ನ ಕಾರಿನ ರೆಗ್ಯುಲೇಟರಿಗೆ (ಪೆಟ್ರೋಲ್ ಒತ್ತಡ ಹಿಡಿತದಲ್ಲಿಡೋ ಭಾಗ) ಮ್ಯಾನಿಫೋಲ್ಡಿಂದ (ಸಿಲಿಂಡರುಗಳಿಗೆ ಗಾಳಿ ಹಂಚೋ ಭಾಗ) ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಬರುತ್ತೆ, ಅದನ್ನ ಕಿತ್ತಿಟ್ರೆ 3 ಬಾರ್, ಹಾಕಿದ್ರೆ ಐಡಲಲ್ಲಿ ಎರಡೂವರೆಗಿಂತ ಚೂರು ಕೆಳಗೆ, ಬೂಸ್ಟ್ 0.5 ಬಂದಾಗ 3.5 ಆಗ್ಬೇಕು. ಯಾಕೆ ಏರ್ಬೇಕು ಅಂದ್ರೆ ಇಂಜೆಕ್ಟರಿನ ಈ ಕಡೆ ಪೆಟ್ರೋಲ್ ತಳ್ತಿರುತ್ತೆ, ಆ ಕಡೆಯಿಂದ ಬೂಸ್ಟ್ ಎದುರು ತಳ್ತಿರುತ್ತೆ, ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೆದಂಗೆ, ಲೆಕ್ಕಕ್ಕೆ ಬರೋದು ಎರಡರ ನಡುವಿನ ವ್ಯತ್ಯಾಸ ಮಾತ್ರ. ಆ ವ್ಯತ್ಯಾಸ ಯಾವಾಗ್ಲೂ 3 ಇರ್ಬೇಕು.

ಐಡಲಲ್ಲಿ ಎಲ್ಲ ಸರಿ. ಬೂಸ್ಟಲ್ಲಿ 6000 ಹತ್ರ 3.5 ಬರೋ ಬದ್ಲು 2.9ಕ್ಕೆ ಕುಸೀತು. ಅಂದ್ರೆ ವ್ಯತ್ಯಾಸ 2.4. ಇಂಜೆಕ್ಟರಿಂದ ಬರೋ ಪೆಟ್ರೋಲ್ ಈ ವ್ಯತ್ಯಾಸದ ವರ್ಗಮೂಲದ ಲೆಕ್ಕದಲ್ಲಿ ಬದಲಾಗುತ್ತೆ, 2.4ನ್ನ 3ರಿಂದ ಭಾಗಿಸಿ ವರ್ಗಮೂಲ ತೆಗೆದ್ರೆ 0.894, ಹೆಚ್ಚುಕಮ್ಮಿ ನೂರಕ್ಕೆ ಹನ್ನೊಂದು ಪಾಲು ಕಮ್ಮಿ. 11.8ನ್ನ 0.894ರಿಂದ ಭಾಗಿಸಿ ನೋಡಿ, 13.2 ಬರುತ್ತೆ. ವೈಡ್‌ಬ್ಯಾಂಡ್ ತೋರಿಸಿದ್ದೂ ಅದೇ 13.2. ಆ ರಾತ್ರಿ ಕ್ಯಾಲ್ಕುಲೇಟರ್ ಹಿಡ್ಕೊಂಡು ಒಬ್ನೇ ನಕ್ಕಿದ್ದು ಇನ್ನೂ ನೆನಪಿದೆ.

ಪಂಪ್ ಹೋಗಿದೆ ಅಂತ ಹೊಸದು ಆರ್ಡರ್ ಮಾಡೋಕೆ ಕೈ ಹೋಗಿತ್ತು, ತಡೀ ಅಂತ ಮೊದಲು ವೋಲ್ಟೇಜ್ ನೋಡ್ದೆ. ಇಂಜಿನ್ ಓಡ್ತಿರೋವಾಗ ಬ್ಯಾಟರಿಯಲ್ಲಿ 13.9, ಪಂಪಿನ ಕನೆಕ್ಟರಲ್ಲಿ 11.6. ಎರಡು ಚಿಲ್ಲರೆ ವೋಲ್ಟ್ ದಾರಿಯಲ್ಲೇ ಮಾಯ! ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಪಂಪಿನ ಪಾಸಿಟಿವ್‌ಗೆ ಇಟ್ರೆ 0.5, ಆ ಕಡೆ ನೆಗೆಟಿವಿಂದ ನೆಗೆಟಿವ್‌ಗೆ ಇಟ್ರೆ 1.8. ಕಳ್ಳ ಅರ್ತಿಂಗ್ ಕಡೆ ಇದ್ದ. ಇದನ್ನ ಪಂಪ್ ಓಡ್ತಿರೋವಾಗಲೇ ನೋಡ್ಬೇಕು, ಕನೆಕ್ಟರ್ ಕಿತ್ತು ನೋಡಿದ್ರೆ ಕರೆಂಟ್ ಹರಿಯಲ್ಲ, ಡ್ರಾಪೂ ಕಾಣಲ್ಲ, ಮೀಟರ್ ಫುಲ್ ವೋಲ್ಟೇಜ್ ತೋರಿಸಿ ಮೋಸ ಮಾಡುತ್ತೆ. ನಾನು ಮೊದಲ ಸಲ ಹಾಗೇ ಮೋಸ ಹೋಗಿದ್ದೆ. ಅರ್ತ್ ಬೋಲ್ಟ್ ಬಿಚ್ಚಿದ್ರೆ ಕೆಳಗೆ ಪೇಂಟು, ಅದರ ಮೇಲೆ ಬಿಳಿ ಪುಡಿ. ಕೆರೆದು ಹೊಸ ಲಗ್ ಹಾಕಿದ ಮೇಲೆ ಪಂಪಿಗೆ 13.2 ಬಂತು, ಪ್ರೆಷರ್ 3.3ಕ್ಕೆ ಏರ್ತು. ಇನ್ನೂ 0.2 ಬಾಕಿ.

ಆ 0.2ನ್ನ ಬಿಟ್ಟುಬಿಡ್ಬಹುದಿತ್ತು, ಕಾರು ಆಗ್ಲೇ ಚೆನ್ನಾಗಿ ಓಡ್ತಿತ್ತು. ಆದ್ರೆ ಫಿಲ್ಟರ್ ಹೊಸದು ಹಾಕಿದ್ರೂ ಹೋಗ್ಲಿಲ್ಲ, ಅದೂ ಬಿಸಿಯಾದ ಮೇಲೆ ಮಾತ್ರ ಬರೋದು ಯಾಕೆ ಅಂತ ತಲೆ ಕೊರೀತಾ ಇತ್ತು. ಟ್ಯಾಂಕ್ ಬಿಚ್ಚೋದು ಅಂತ ತೀರ್ಮಾನ ಮಾಡ್ದೆ. ಟ್ಯಾಂಕಲ್ಲಿ ಪೆಟ್ರೋಲ್ ಆದಷ್ಟು ಕಮ್ಮಿ ಇಟ್ಕೊಂಡು, ಪಂಪ್ ಫ್ಯೂಸ್ ಕಿತ್ತು ಇಂಜಿನ್ ತಾನಾಗೇ ಆಫ್ ಆಗೋವರೆಗೂ ಓಡಿಸಿ ಲೈನ್ ಪ್ರೆಷರ್ ಇಳಿಸಿ, ಬ್ಯಾಟರಿ ಕಳಚಿ, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಯಲಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಪಕ್ಕದಲ್ಲಿಟ್ಕೊಂಡು ಬಿಚ್ಚಿದ್ದು. ಪಂಪಿಂದ ಮೇಲಿನ ಪ್ಲೇಟಿಗೆ ಬರೋ ಗೇಣುದ್ದದ ರಬ್ಬರ್ ಪೈಪ್ ನೋಡಿ ಸುಸ್ತಾದೆ. ಉಬ್ಬಿ, ಮೆತ್ತಗಾಗಿ, ಕ್ಲಾಂಪ್ ಪಕ್ಕದಲ್ಲಿ ಸೀಳಿತ್ತು. ಒಳಗೆ ಪೆಟ್ರೋಲ್ ಹರಿಯೋಕೆ ಮಾಡಿದ ಸಾಮಾನ್ಯ ಫ್ಯೂಯಲ್ ಪೈಪನ್ನ ಹೊರಗೂ ಪೆಟ್ರೋಲಲ್ಲೇ ಮುಳುಗಿಸಿಟ್ರೆ ಹೀಗೇ ಆಗುತ್ತೆ, ಟ್ಯಾಂಕ್ ಒಳಗೆ ಹಾಕೋಕೆ ಅಂತಲೇ ಎಸ್‌ಎಇ ಜೆ30ಆರ್10 ಅಂತ ಬೇರೆ ಪೈಪ್ ಬರುತ್ತೆ. ಸೀಳಿಂದ ಪೆಟ್ರೋಲ್ ವಾಪಸ್ ಟ್ಯಾಂಕಿಗೇ ಚಿಮ್ಮೋದ್ರಿಂದ ಹೊರಗೆ ಒಂದು ಹನಿ ಇಲ್ಲ, ವಾಸನೆ ಇಲ್ಲ. ಬಿಸಿಗೆ ರಬ್ಬರ್ ಇನ್ನಷ್ಟು ಮೆತ್ತಗಾಗಿ ಸೀಳು ಬಾಯಿ ಬಿಡ್ತಿತ್ತು ಅನ್ಸುತ್ತೆ. ಸರಿಯಾದ ಪೈಪ್ ಹಾಕ್ದೆ, 3.5 ಬಂತು, 11.8 ಕೊನೇವರೆಗೂ ನಿಂತ್ಕೊಂತು. ಪಂಪ್ ಹಳೇದೇ.

ಈಗ ಬಿಸಿ ವಿಷಯ. ಓಡ್ತಿರೋವಾಗ ಸರಿ, ನಿಂತ್ರೆ ಏರುತ್ತೆ ಅಂದ್ರೆ ಗಾಳಿ ಸಾಲ್ತಿಲ್ಲ ಅಂತ, ಸ್ಪೀಡಲ್ಲಿ ಏರಿದ್ರೆ ನೀರಿನ ಹರಿವು ಅಥವಾ ರೇಡಿಯೇಟರ್ ಒಳಗೆ ಕಟ್ಟಿರೋದನ್ನ ನೋಡ್ಬೇಕು, ಇಷ್ಟು ನಂಗೆ ಗೊತ್ತಿತ್ತು, ಗೊತ್ತಿದ್ದೂ ಮೊದಲು ಹೆಡ್ ಗ್ಯಾಸ್ಕೆಟ್ (ಸಿಲಿಂಡರಿನ ಗ್ಯಾಸ್ ಕೂಲೆಂಟಿಗೆ ಸೇರದ ಹಾಗೆ ತಡೆಯೋ ಸೀಲ್) ಹೋಗಿದ್ಯಾ ಅಂತ ಹೆದರಿಕೊಂಡೆ. ನೀಲಿ ದ್ರವದ ಟೆಸ್ಟ್ ಕಿಟ್ ಸಿಗುತ್ತೆ, ಎಕ್ಸ್‌ಪಾನ್ಷನ್ ಟ್ಯಾಂಕ್ ಮೇಲಿನ ಗಾಳಿ ಅದರೊಳಗೆ ಹಾಯಿಸಿದ್ರೆ, ಸುಟ್ಟ ಗ್ಯಾಸ್ ಸೇರಿದ್ರೆ ಹಳದಿ ಆಗುತ್ತೆ. ನಂದು ನೀಲಿಯಾಗೇ ಉಳೀತು, ಜೀವ ಬಂತು. ಕ್ಯಾಪನ್ನೂ ಪ್ರೆಷರ್ ಟೆಸ್ಟ್ ಮಾಡಿದ್ದಾಯ್ತು, ಸರಿ ಇತ್ತು.

ಫ್ಯಾನ್ ತಿರುಗ್ತಿತ್ತು, 98ಕ್ಕೆ ಸರಿಯಾಗಿ ಆನ್ ಆಗ್ತಿತ್ತು, ಅದಕ್ಕೇ ಅದರ ಮೇಲೆ ಅನುಮಾನವೇ ಬರ್ಲಿಲ್ಲ. ಒಂದಿನ ಮೂತಿ ಮುಂದೆ ಕೂತಿದ್ದಾಗ ಮುಖಕ್ಕೆ ಬಿಸಿ ಗಾಳಿ ಹೊಡೀತು. ಒಂದು ಹಾಳೆ ತಂದು ಗ್ರಿಲ್ ಮುಂದೆ ಹಿಡಿದೆ, ಅದು ಗ್ರಿಲ್ಲಿಗೆ ಅಂಟ್ಕೋಬೇಕಿತ್ತು, ಹಾರಿಹೋಯ್ತು. ಫ್ಯಾನ್ ಉಲ್ಟಾ ತಿರುಗ್ತಿತ್ತು ಸ್ವಾಮಿ! ಹೊಸ ಫ್ಯಾನ್ ಹಾಕೋವಾಗ ಕನೆಕ್ಟರ್ ಹೊಂದ್ತಿಲ್ಲ ಅಂತ ನಾನೇ ವೈರ್ ಕತ್ತರಿಸಿ ಸೇರಿಸಿದ್ದೆ, ಪಾಸಿಟಿವ್ ನೆಗೆಟಿವ್ ಅದಲು ಬದಲು. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ. ಆದ್ರೆ ಹಳೇ ಫ್ಯಾನ್ ಇದ್ದಾಗ್ಲೂ ಏರ್ತಿತ್ತಲ್ಲ, ಹಾಗಾಗಿ ವೈರ್ ಸರಿ ಮಾಡಿ ಅಲ್ಲಿಗೇ ನಿಲ್ಲಿಸ್ಲಿಲ್ಲ, 109 ಹೋಗಿ 103 ಆಗಿತ್ತು ಅಷ್ಟೇ. ಮುಂದಿನ ಕವಚ ಬಿಚ್ಚಿ ಎಸಿ ಕಂಡೆನ್ಸರ್ ಸ್ವಲ್ಪ ಸರಿಸಿ ನೋಡಿದ್ರೆ, ಹೊರಗಿಂದ ಫಳಫಳ ಅಂತಿದ್ದ ರೇಡಿಯೇಟರಿಗೂ ಕಂಡೆನ್ಸರಿಗೂ ಮಧ್ಯದಲ್ಲಿ ಧೂಳು, ಎಲೆ, ಹುಳ ಎಲ್ಲ ಸೇರಿ ಕಂಬಳಿ ಥರ ಕೂತಿತ್ತು. ಸುತ್ತಲಿನ ಫೋಮ್ ಪಟ್ಟಿನೂ ಅರ್ಧ ಉದುರಿತ್ತು, ಗಾಳಿಗೆ ಪಕ್ಕದಲ್ಲಿ ಸಂದಿ ಸಿಕ್ರೆ ಕೋರ್ ಒಳಗೆ ಯಾಕೆ ಕಷ್ಟಪಟ್ಟು ಹೋಗುತ್ತೆ. ಹಿಂದಿಂದ ಮುಂದಕ್ಕೆ ಮೆತ್ತಗೆ ನೀರು ಬಿಟ್ಟು ತೊಳೆದು ಹೊಸ ಫೋಮ್ ಹಾಕ್ದೆ. ಜೋರು ಪ್ರೆಷರ್ ವಾಷರ್ ಹಿಡಿದ್ರೆ ಫಿನ್ ಮಡಚಿಹೋಗುತ್ತೆ.

ಕೂಲೆಂಟ್ ತುಂಬೋದು ಇಂಥ ಕಾರಲ್ಲಿ ಒಂದು ತಪಸ್ಸು. ಹಿಂದಿನ ಇಂಜಿನಿಂದ ಮೂತಿವರೆಗೆ ಉದ್ದುದ್ದ ಪೈಪು, ಎಲ್ಲಾದ್ರೂ ಒಂದು ಗುಳ್ಳೆ ಕೂತ್ರೆ ಮೀಟರ್ 100 ತೋರಿಸ್ತಿರುತ್ತೆ, ಹೀಟರಿಂದ ತಣ್ಣನೆ ಗಾಳಿ ಬರ್ತಿರುತ್ತೆ. ವ್ಯಾಕ್ಯೂಮ್ ಫಿಲ್ಲರ್ ತಂದಿದ್ದೇ ವಾಸಿಯಾಯ್ತು, ಒಳಗಿನ ಗಾಳಿ ಎಳೆದು ಹತ್ತು ನಿಮಿಷ ಮುಳ್ಳು ಅಲ್ಲಾಡ್ದೆ ನಿಂತ್ರೆ ಲೀಕ್ ಇಲ್ಲ ಅಂತಲೂ ಗೊತ್ತಾಗುತ್ತೆ, ಆಮೇಲೆ ಕೂಲೆಂಟ್ ತಾನೇ ಎಳ್ಕೊಳ್ಳುತ್ತೆ.

ಇಷ್ಟಾದ ಮೇಲೆ ಲಾಗ್ ಮತ್ತೆ ನೋಡ್ತಿರೋವಾಗ ಇನ್ನೊಂದು ಕಣ್ಣಿಗೆ ಬಿತ್ತು, ಇಂಟೇಕ್ ಗಾಳಿಯ ಬಿಸಿ 79. ಹೊರಗೆ 33. ರೂಟ್ಸ್ ಬ್ಲೋವರ್ 0.5 ಬಾರಿಗೆ ಗಾಳಿ ಒತ್ತಿದ್ರೆ ಅದು ಅರವತ್ತು ಡಿಗ್ರಿಯಷ್ಟು ಬಿಸಿ ಸೇರಿಸುತ್ತೆ, ಅದನ್ನ ಇಳಿಸೋಕೇ ನನ್ನ ಕಾರಲ್ಲಿ ನೀರಿನ ಚಾರ್ಜ್‌ಕೂಲರ್ ಇರೋದು, ಅದಕ್ಕೆ ಬೇರೆ ನೀರು, ಬೇರೆ ಚಿಕ್ಕ ರೇಡಿಯೇಟರ್, ಬೇರೆ ಎಲೆಕ್ಟ್ರಿಕ್ ಪಂಪ್. ಇಗ್ನಿಷನ್ ಆನ್ ಮಾಡಿ ಆ ಪಂಪ್ ಮೇಲೆ ಕೈ ಇಟ್ರೆ ಗುಂಯ್ ಅಂತಿತ್ತು, ಆದ್ರೆ ಅದರ ಟ್ಯಾಂಕ್ ಮುಚ್ಚಳ ತೆಗೆದು ನೋಡಿದ್ರೆ ನೀರು ಕೆರೆ ಥರ ನಿಶ್ಚಲ. ಮೋಟಾರ್ ತಿರುಗ್ತಿದೆ, ಒಳಗೆ ಗಾಳಿ ಸಿಕ್ಕಿ ನೀರು ತಳ್ತಿಲ್ಲ. ಬ್ಲೀಡ್ ಸ್ಕ್ರೂ ಬಿಚ್ಚಿ ಪೈಪುಗಳನ್ನ ಹಿಚುಕ್ತಾ ಕೂತೆ, ಅರ್ಧ ಗಂಟೆ ಆದ್ಮೇಲೆ ಗುಳುಗುಳು ಅಂತ ಗುಳ್ಳೆ ಬಂದು ನೀರು ಸುತ್ತೋಕೆ ಶುರುವಾಯ್ತು. ಅದೇ ಥರದ ಬಿಸಿಲಲ್ಲಿ ಈಗ 50 ದಾಟಲ್ಲ.

ತಮಾಷೆ ಅಂದ್ರೆ ಎರಡು ತೊಂದರೆಗೂ ಸಂಬಂಧ ಇಲ್ಲ ಅಂತಲೂ ಹೇಳೋಕಾಗಲ್ಲ, ಇದ್ದಿದ್ದು ನಾನು ಅಂದ್ಕೊಂಡಿದ್ದಕ್ಕೆ ಉಲ್ಟಾ. ಬಿಸಿಯಿಂದ ಪವರ್ ಕಟ್ ಆಗ್ತಿರ್ಲಿಲ್ಲ, ಲೀನ್ ಆಗಿ ಟೈಮಿಂಗ್ ಹಿಂದಕ್ಕೆ ಹೋದಾಗ ಬೆಂಕಿ ತಡವಾಗಿ ಸುಟ್ಟು ಎಕ್ಸಾಸ್ಟ್ ಪೋರ್ಟಿನ ಸುತ್ತ ಇರೋ ನೀರಿಗೆ ಹೆಚ್ಚು ಬಿಸಿ ಸೇರ್ತಿತ್ತು. ಪೆಟ್ರೋಲ್ ಸರಿಯಾದ ಮೇಲೆ, ಕೂಲಿಂಗ್ ಮುಟ್ಟೋ ಮೊದಲೇ, ಜೋರಾಗಿ ಓಡಿಸೋವಾಗಿನ ಕೂಲೆಂಟ್ ಮೂರ್ನಾಲ್ಕು ಡಿಗ್ರಿ ಇಳಿದಿತ್ತು. ಹಳೇ ಲಾಗ್ ಇಟ್ಕೊಂಡಿದ್ದಕ್ಕೆ ಇದು ಗೊತ್ತಾಗಿದ್ದು.

ಈಗ ಟ್ರಾಫಿಕ್ಕಲ್ಲಿ 96ರಿಂದ 99ರ ಮಧ್ಯೆ ಆಡ್ತಾ ಇರುತ್ತೆ. ಒಂದು ಮಾತ್ರ ಬಾಕಿ ಇದೆ, ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಬಂದಾಗ ಉದ್ದನೆಯ ಬಲ ತಿರುವಲ್ಲಿ ಜೋರಾಗಿ ಹೋದ್ರೆ ಪೆಟ್ರೋಲೆಲ್ಲ ಎಡಕ್ಕೆ ವಾಲಿ ಪಂಪ್ ಗಾಳಿ ಕುಡಿಯುತ್ತೆ, ಒಂದು ಕ್ಷಣ ಇಂಜಿನ್ ಕೆಮ್ಮುತ್ತೆ. ಅದಕ್ಕೆ ಸಣ್ಣ ಸರ್ಜ್ ಟ್ಯಾಂಕ್ (ಯಾವಾಗ್ಲೂ ಪೆಟ್ರೋಲ್ ತುಂಬಿರೋ ಚಿಕ್ಕ ಡಬ್ಬಿ) ಹಾಕ್ಬೇಕು, ಎರಡನೇ ಪಂಪ್ ಬೇಕು, ಮತ್ತೆ ಟ್ಯಾಂಕ್ ಇಳಿಸ್ಬೇಕು. ಸದ್ಯಕ್ಕೆ ಅರ್ಧ ಟ್ಯಾಂಕಿಗಿಂತ ಕೆಳಗೆ ಬಿಡದೆ ಓಡಿಸ್ತಿದೀನಿ.