ಕುಕ್ಕರಿನಲ್ಲಿ ಟೊಮೆಟೊ ಪಾಸ್ತಾ: ಕಡೆಗೂ ಕೈಗೆ ಬಂದ ಬಗೆ

ಕುಕ್ಕರಿನಲ್ಲಿ ಪಾಸ್ತಾ ಬೇಯಿಸುತ್ತೇನೆ ಎಂದಾಗ ನಮ್ಮ ಅಕ್ಕ ನಕ್ಕಿದ್ದಳು. ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಅಡುಗೆ ಕಲಿತವಳು ಅವಳು. "ಪಾಸ್ತಾ ಅಲ್ಲ, ಗಂಜಿ ಉಣ್ಣುತ್ತೀಯೆ ನೋಡು" ಎಂದಿದ್ದಳು. ಈಚೆಗೆ ಹುಬ್ಬಳ್ಳಿಗೆ ಬಂದವಳು ಅದೇ ಗಂಜಿಯನ್ನು ಎರಡನೆಯ ಸಲವೂ ಬಡಿಸಿಕೊಂಡಳು. ಇನ್ನು ಬರೆಯಲು ಅಡ್ಡಿಯಿಲ್ಲ.

ನಾನು ಕಚೇರಿಯಿಂದ ಮನೆ ಮುಟ್ಟುವಾಗ ಏಳು ದಾಟಿರುತ್ತದೆ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಪಕ್ಕದ ಒಲೆಯಲ್ಲಿ ಸಾಸ್ ಕುದಿಸಿ, ಬಸಿದು, ಬೆರೆಸುವಷ್ಟರಲ್ಲಿ ಮಕ್ಕಳು ಚುರಮುರಿ ಡಬ್ಬಿ ಖಾಲಿ ಮಾಡಿ ಊಟ ಬೇಡ ಎನ್ನುತ್ತಿದ್ದರು. ಕುಕ್ಕರಿಗೆ ಕೈ ಹಾಕಿದ್ದು ಅದಕ್ಕೆ.

ಸಾಸ್ ಕೆನೆಕೆನೆಯಾಗಿರಲಿ ಎಂದು ಹೊರಟಾಗ ಮೊದಲು ಕೈಕೊಟ್ಟದ್ದು ಹಾಲು. ಕುದಿಯುವ ಟೊಮೆಟೊಗೆ ಹಾಲು ಸುರಿದರೆ ಏನಾಗುತ್ತದೆ ಎಂದು ಮನೆಯಲ್ಲಿ ಪನೀರ್ ಮಾಡುವವರಿಗೆ ಹೇಳಬೇಕಾಗಿಲ್ಲ. ಕಾಯಿಸಿ ಆರಿಸಿದ ಹಾಲು, ಗಟ್ಟಿ ಹಾಲು ಎಲ್ಲವೂ ಒಡೆದವು. ಚಿಟಿಕೆ ಸೋಡಾ ಹಾಕಿದಾಗ ಒಡೆಯಲಿಲ್ಲ, ಆದರೆ ಹುಳಿಯೆಲ್ಲ ಸತ್ತು ಬಾಯಿಗೆ ಸಾಬೂನಿನ ರುಚಿ ಬಂತು. ಮೈದಾ ಹುರಿದು ಬಿಳಿ ಸಾಸ್ ಮಾಡಿ ಸೇರಿಸಿದೆ. ಬಿಸಿಯಿದ್ದಾಗ ಚೆನ್ನ, ತಟ್ಟೆಯಲ್ಲಿ ಹತ್ತು ನಿಮಿಷ ಬಿಟ್ಟರೆ ಚಮಚ ನೆಟ್ಟಗೆ ನಿಲ್ಲುತ್ತದೆ.

ಪಾಸ್ತಾದಲ್ಲಿ ಉಳಿಸಲು ಹೋಗಿ ಹೋದ ದುಡ್ಡು ಬೇರೆ. ಬಿಡಿಯಾಗಿ ಕಿಲೋಗೆ 80 ರೂಪಾಯಿಗೆ ಸಿಕ್ಕಿದ ಅಗ್ಗದ ಮಾಲು ಒಂದೇ ಸೀಟಿಗೆ ಮುದ್ದೆಯಾಯಿತು. ಡ್ಯೂರಮ್ ಎಂಬ ಗಟ್ಟಿ ಗೋಧಿಯ ಪೆನ್ನೆಯೇ, ಅಂದರೆ ಕೊಳವೆಯಂಥ ಪಾಸ್ತಾವೇ ಬೇಕು. ಅರ್ಧ ಕಿಲೋಗೆ ನೂರರ ಆಸುಪಾಸು ಬೀಳುತ್ತದೆ, ಬೀಳಲಿ.

ಈಗ ಮಾಡುವುದು ಹೀಗೆ. ಅರ್ಧ ಕಿಲೋ ಟೊಮೆಟೊ, ಒಂದು ಸಣ್ಣ ಗಜ್ಜರಿ ರುಬ್ಬಿಕೊಳ್ಳುತ್ತೇನೆ. ಗಜ್ಜರಿ ಹುಳಿಯನ್ನು ತಗ್ಗಿಸುತ್ತದೆ, ಸಕ್ಕರೆ ಬೇಕಾಗುವುದಿಲ್ಲ. ಕುಕ್ಕರಿನಲ್ಲಿ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ. ರುಬ್ಬಿದ್ದನ್ನು ಹಾಕಿ ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಬಾಡಿಸಬೇಕು. ಇಲ್ಲಿ ಆತುರ ಮಾಡಿದರೆ ಹಸಿ ವಾಸನೆ ಕೊನೆಯವರೆಗೂ ಹೋಗುವುದಿಲ್ಲ. ಅರ್ಧ ಪೊಟ್ಟಣ, ಅಂದರೆ 250 ಗ್ರಾಂ ಪೆನ್ನೆ, ಉಪ್ಪು. ನೀರು ಪಾಸ್ತಾ ಮುಳುಗಿಯೂ ಮುಳುಗದಷ್ಟು. ನನ್ನ ಕುಕ್ಕರಿಗೆ ಒಂದೂವರೆ ಲೋಟದ ಸುಮಾರು. ಅರ್ಧಕ್ಕಿಂತ ಮೇಲೆ ತುಂಬಬೇಡಿ, ನೊರೆಯೆದ್ದು ಸೀಟಿಯ ದಾರಿ ಕಟ್ಟಿಕೊಳ್ಳುತ್ತದೆ. ದೊಡ್ಡ ಉರಿಯಲ್ಲಿ ಒಂದೇ ಸೀಟಿ. ಕೂಡಲೇ ಇಳಿಸಿ ಮುಚ್ಚಳದ ಮೇಲೆ ತಣ್ಣೀರು ಬಿಟ್ಟು ಒತ್ತಡ ಪೂರ್ತಿ ಇಳಿದ ಮೇಲೆ ತೆರೆಯುತ್ತೇನೆ. ತಾನಾಗಿ ಆರಲಿ ಎಂದು ಬಿಟ್ಟರೆ ಅಕ್ಕ ಹೇಳಿದ್ದೇ ನಿಜವಾಗುತ್ತದೆ. ತೆರೆದಾಗ ನೀರುನೀರಾಗಿ ಕಾಣುತ್ತದೆ, ಗಾಬರಿ ಬೇಡ. ಸಣ್ಣ ಉರಿಯಲ್ಲಿ ಎರಡು ನಿಮಿಷ ಕೈಯಾಡಿಸಿದರೆ ಪಾಸ್ತಾ ಬಿಟ್ಟ ಗಂಜಿಯೇ ಅದನ್ನು ಮಂದ ಮಾಡುತ್ತದೆ.

ಕೆನೆಯ ಗುಟ್ಟು ಅರ್ಧ ಹೇಳುತ್ತೇನೆ. ಬಿಸಿನೀರಿನಲ್ಲಿ ನೆನೆಸಿದ ಹತ್ತು ಹನ್ನೆರಡು ಗೋಡಂಬಿ, ಒಂದೆರಡು ಬ್ಯಾಡಗಿ ಮೆಣಸಿನಕಾಯಿ ನುಣ್ಣಗೆ ರುಬ್ಬಿ ಸೇರಿಸುತ್ತೇನೆ. ಗೋಡಂಬಿ ಒಡೆಯುವುದಿಲ್ಲ, ಬ್ಯಾಡಗಿ ಖಾರಕ್ಕಿಂತ ಬಣ್ಣವನ್ನೇ ಹೆಚ್ಚು ಕೊಡುತ್ತದೆ. ಅಂಗಡಿಯ ಕ್ರೀಮ್ ನಾಲ್ಕೇ ಚಮಚ, ಅದೂ ಒಲೆ ಆರಿಸಿದ ಮೇಲೆ. ಅದರ ಜೊತೆಗೆ ಬೀಳುವ ಒಂದು ಪುಡಿಯ ಹೆಸರು ಅಕ್ಕನಿಗೂ ಹೇಳಿಲ್ಲ. ಪಾಸ್ತಾದ ಪುಸ್ತಕಗಳಲ್ಲಿ ಅದು ಸಿಗಲಾರದು, ನಮ್ಮ ಅಡುಗೆಮನೆಗಳಲ್ಲಿ ಇದ್ದೇ ಇರುತ್ತದೆ.

ಜವಾರಿ ಟೊಮೆಟೊ ಸಾರಿಗೆ ಸರಿ, ಇದಕ್ಕಲ್ಲ. ಹುಳಿಯೂ ಬೀಜವೂ ಹೆಚ್ಚು. ತಿರುಳು ದಪ್ಪಗಿರುವ ಉದ್ದನೆಯ ಹೈಬ್ರಿಡ್ ಹಣ್ಣೇ ಲೇಸು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದಾಗ ಅರ್ಧದಷ್ಟು ಸಿಹಿಗುಂಬಳ ಬೇಯಿಸಿ ಸೇರಿಸಿದ್ದೆ. ಮಕ್ಕಳಿಗೆ ಗೊತ್ತಾಗಲಿಲ್ಲ, ಯಜಮಾನರಿಗೆ ಗೊತ್ತಾಯಿತು.

ಇನ್ನೊಂದು ಹುಚ್ಚು: ಬನ್ಸಿ ರವೆಯೂ ಡ್ಯೂರಮ್ ಜಾತಿಯ ಗೋಧಿಯದೇ ಅಲ್ಲವೇ, ಪಾಸ್ತಾವನ್ನೇ ಮನೆಯಲ್ಲಿ ಮಾಡೋಣ ಎಂದು ಹೊರಟೆ. ಇಟಲಿಯ ದಕ್ಷಿಣ ಭಾಗದಲ್ಲಿ ಮೊಟ್ಟೆಯಿಲ್ಲದೆ, ಇಂಥ ರವೆ ಮತ್ತು ನೀರಿನಲ್ಲೇ ಕಲಸುತ್ತಾರೆ. ಅತ್ತೆಯವರು ಬಂದು ನೋಡಿ, "ಇದು ನಮ್ಮ ಪಾಯಸದ ಗವಲಿ ತಾನೆ, ಇದಕ್ಕೆ ಇಷ್ಟು ಒದ್ದಾಟವೇ?" ಎಂದು ಪಕ್ಕದಲ್ಲೇ ಕುಳಿತು ನನಗಿಂತ ಚುರುಕಾಗಿ ಹೊಸೆದರು. ರುಚಿ ಬಹಳ ಚೆನ್ನಾಗಿತ್ತು. ಕೆಲಸದ ದಿನಕ್ಕೆ ಆಗುವ ಮಾತಲ್ಲ, ಭಾನುವಾರಕ್ಕೆ ಇರಲಿ.

ನಾಲ್ಕು ಜನರ ಊಟಕ್ಕೆ ಪೆನ್ನೆ 50, ಟೊಮೆಟೊ 20, ಗೋಡಂಬಿ 15, ಕ್ರೀಮ್ 20, ಉಳಿದದ್ದೆಲ್ಲ ಸೇರಿ 130 ರೂಪಾಯಿ ದಾಟುವುದಿಲ್ಲ. ಹೋಟೆಲಿನಲ್ಲಿ ಒಂದೇ ತಟ್ಟೆಗೆ 300 ಕೊಟ್ಟು ಬಂದಿದ್ದೇವೆ. ದುಡ್ಡು ಸೋರುವುದು ತೆರೆದ ಕ್ರೀಮ್ ಪೊಟ್ಟಣದಲ್ಲಿ, ನಾಲ್ಕು ದಿನಕ್ಕೆ ಹುಳಿಯಾಗುತ್ತದೆ. ಐಸ್ ಟ್ರೇಯಲ್ಲಿ ಸುರಿದು ಫ್ರೀಜರಿನಲ್ಲಿಡಿ. ಕರಗಿದಾಗ ತರಿತರಿಯಾಗಿ ಕಾಣುತ್ತದೆ, ಬಿಸಿ ಸಾಸಿನಲ್ಲಿ ಕಲೆಸಿದರೆ ಹೊಂದಿಕೊಳ್ಳುತ್ತದೆ. ಒಂದು ಊಟಕ್ಕೆ ಮೂರು ತುಂಡು.