ಬೆಲೆ ಇಳಿಸುವ ಹರಾಜಿನಲ್ಲಿ ಮಲ್ಚಿಂಗ್ ಶೀಟ್ ಕೊಂಡೆವು

ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕುವ ನಮಗೆ ಹರಾಜು ಹೊಸದಲ್ಲ. 15 ಕೆಜಿ ಬಾಕ್ಸ್ ಮುಂದೆ ನಿಂತು ವ್ಯಾಪಾರಿಗಳು ರೇಟು ಏರಿಸುತ್ತಾರೆ, ಜಾಸ್ತಿ ಕೂಗಿದವರಿಗೆ ಮಾಲು. ಇದನ್ನೇ ತಿರುಗಿಸಿದರೆ ರಿವರ್ಸ್ ಆಕ್ಷನ್: ಮಾರುವವರು ಪೈಪೋಟಿಯಲ್ಲಿ ರೇಟು ಇಳಿಸಬೇಕು, ಕಡಿಮೆ ಹೇಳಿದವರಿಗೆ ಆರ್ಡರ್. 2016ರಲ್ಲಿ ಶುರುವಾದ, ಸರ್ಕಾರಿ ಖರೀದಿಯ ಆನ್‌ಲೈನ್ ತಾಣವಾದ ಜೆಮ್ ಪೋರ್ಟಲ್‌ನಲ್ಲಿ ಸರ್ಕಾರಿ ಇಲಾಖೆಗಳು ಹೀಗೂ ಕೊಳ್ಳುತ್ತವೆ. ಅಲ್ಲಿಗೆ ಕುರ್ಚಿ, ಮೇಜು ಕೊಡುವ ನನ್ನ ಭಾಮೈದ ಒಂದು ಸಂಜೆಯಿಡೀ ರೇಟು ಇಳಿಸುತ್ತಾ ಕೂತದ್ದನ್ನು ನೋಡಿ ನನಗೆ ಈ ಯೋಚನೆ ಬಂತು.

ಮಾಲೂರು ಕಡೆಯ ನಮ್ಮೂರಲ್ಲಿ ಒಂಬತ್ತು ಜನಕ್ಕೆ 60 ರೋಲ್ ಮಲ್ಚಿಂಗ್ ಶೀಟ್, ಅಂದರೆ ಸಸಿ ನೆಡುವ ಸಾಲಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ, ಬೇಕಿತ್ತು. ಒಬ್ಬೊಬ್ಬರೇ ಹೋದರೆ ಸಾಲಕ್ಕೆ ತರುತ್ತೇವೆ, ಆ ಸಾಲದ ಬಡ್ಡಿ ಶೀಟಿನ ರೇಟಿನಲ್ಲೇ ಸೇರಿರುತ್ತದೆ. ಅದಕ್ಕೇ ದುಡ್ಡು ಮೊದಲೇ ಕೂಡಿಸಿದೆವು. ಅಂಗಡಿಯವರು ಇಳಿಯುವುದು ನಮ್ಮ ಜಾಣತನಕ್ಕಲ್ಲ. ಕೈಗೆ ನಗದು, ಒಂದೇ ಗಾಡಿಯಲ್ಲಿ 60 ರೋಲ್, ಅದಕ್ಕೆ.

ಮೊದಲ ವರ್ಷ ಏಟು ತಿಂದೆವು. "25 ಮೈಕ್ರಾನ್" ದಪ್ಪ ಎಂದಷ್ಟೇ ಹೇಳಿದ್ದೆವು, ಅಗ್ಗಕ್ಕೆ ಸಿಕ್ಕಿತೆಂದು ಖುಷಿಪಟ್ಟೆವು. ಸಸಿ ನೆಡಲು ತೂತು ಹೊಡೆಯುವಾಗಲೇ ಶೀಟು ಉದ್ದಕ್ಕೂ ಹರಿಯಿತು. ಮೈಕ್ರಾನ್ ಕಣ್ಣಿಗೆ ಕಾಣುವುದಿಲ್ಲ, ತೂಕ ಕಾಣುತ್ತದೆ. 1.2 ಮೀಟರ್ ಅಗಲ, 400 ಮೀಟರ್ ಉದ್ದದ 25 ಮೈಕ್ರಾನ್ ರೋಲ್, ಒಳಗಿನ ಕೊಳವೆ ಬಿಟ್ಟು, ಸುಮಾರು 11 ಕೆಜಿ ತೂಗಬೇಕು. 20 ಮೈಕ್ರಾನ್ ಆದರೆ 9 ಕೆಜಿಯೂ ಬರುವುದಿಲ್ಲ.

ಹಾಗಾಗಿ ಎರಡನೇ ವರ್ಷ ಅಗಲ, ಉದ್ದ, ತೂಕ, ಜಿಎಸ್‌ಟಿ, ಗಾಡಿ ಬಾಡಿಗೆ, ಇಳಿಸುವ ಕೂಲಿ ಎಲ್ಲಾ ಬರೆದು ನಾಲ್ಕು ಅಂಗಡಿಗೆ ಮೊದಲೇ ಕಳಿಸಿದೆ. ತೂಕ ಬಾರದ ರೋಲ್ ವಾಪಸ್ ಎಂದೂ ಬರೆದೆ. ಹರಾಜು ಸಂಜೆ 7ರಿಂದ 7.30, ಒಂದು ಸಲ ಇಳಿಸಿದರೆ ಕನಿಷ್ಠ 10 ರೂಪಾಯಿ. ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಇಳಿಸಿದರೆ ಇನ್ನೈದು ನಿಮಿಷ. ಪ್ರತಿ ಸಲ ಎಲ್ಲರಿಗೂ ಬೇರೆಬೇರೆಯಾಗಿ ಆಗಿನ ಕಡಿಮೆ ರೇಟು ಮಾತ್ರ ವಾಟ್ಸಾಪ್ ಮಾಡಿದೆ, ಅಂಗಡಿ ಹೆಸರು ಹೇಳಲಿಲ್ಲ. ಇಲ್ಲದ ರೇಟು ಹೇಳಿ ಇಳಿಸುವ ಕೆಲಸ ಮಾತ್ರ ಮಾಡಬೇಡಿ. ಅಂಗಡಿಯವರು ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ, ಮುಂದಿನ ವರ್ಷ ಯಾರೂ ಬರುವುದಿಲ್ಲ.

ರೋಲಿಗೆ 2,150 ರೂಪಾಯಿಗೆ ಶುರುವಾಯಿತು. ಇಬ್ಬರು ಬೇಗ ಕೈಬಿಟ್ಟರು. 7.28ಕ್ಕೆ 1,880. 7.33ಕ್ಕೆ ಒಬ್ಬರು 1,860 ಹಾಕಿ ಫೋನೇ ಮಾಡಿದರು: "ಅಣ್ಣಾ, ಇನ್ನ ಇಳಿಸಿದ್ರೆ ನಮ್ಗೇನೂ ಉಳಿಯಲ್ಲ." ಮತ್ತೈದು ನಿಮಿಷ ಕಾದೆ. ಯಾರೂ ಇಳಿಸಲಿಲ್ಲ, ಮುಗಿಸಿದೆ.

ಶೀಟು ಬಂದ ದಿನ ಹಾಲಿನ ಡೇರಿ ಪಕ್ಕ ತಕ್ಕಡಿ ಇಟ್ಟು 60 ರೋಲನ್ನೂ ತೂಗಿದೆವು. ಮೂರು ಕಡಿಮೆ ಬಂದವು. ಅಂಗಡಿಯವರು ಮಾತಾಡದೆ ಮಾರನೇ ದಿನವೇ ಬದಲಿಸಿ ಕೊಟ್ಟರು.