ಚೈನ್‌ಸಾ ಕೈಕೊಟ್ಟರೆ ಕಾರ್ಬೊರೇಟರ್‌ಗೆ ಕೊನೆಗೆ ಕೈ ಹಾಕಿ

ನನ್ನ ಹತ್ತಿರ ರಿಪೇರಿಗೆ ಬರುವ ಎಷ್ಟೋ ಚೈನ್‌ಸಾಗಳಲ್ಲಿ ಕಾರ್ಬೊರೇಟರ್ (ಪೆಟ್ರೋಲು, ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಸ್ಕ್ರೂಗಳನ್ನು ಆಗಲೇ ಯಾರೋ ತಿರುಗಿಸಿರುತ್ತಾರೆ. ಮಿಷನ್ ಸ್ಟಾರ್ಟ್ ಆಗಲಿಲ್ಲ ಅಂದ ತಕ್ಷಣ ಸ್ಕ್ರೂಡ್ರೈವರ್ ಹಿಡಿದು ಅತ್ತ ಒಂದು ಸುತ್ತು, ಇತ್ತ ಅರ್ಧ ಸುತ್ತು. ನೋಡಿದರೆ ಅಸಲಿ ತೊಂದರೆ ಹಳೇ ಪೆಟ್ರೋಲು, ಇಲ್ಲಾ ಕಟ್ಟಿಕೊಂಡ ಫಿಲ್ಟರ್. ಈಗ ಒಂದರ ಬದಲು ಎರಡು ರಿಪೇರಿ. ನಿನ್ನೆವರೆಗೆ ಚೆನ್ನಾಗಿ ಓಡಿದ ಮಿಷನ್ನಿನ ಸ್ಕ್ರೂ ರಾತ್ರೋರಾತ್ರಿ ತಾನಾಗೇ ತಿರುಗುವುದಿಲ್ಲ, ಅಲ್ವಾ?

ಏನೇ ಬಿಚ್ಚುವ ಮೊದಲು ಸ್ವಿಚ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ ಮೇಲಿನ ಕ್ಯಾಪ್ ಎಳೆದು ತೆಗೆದುಬಿಡಿ. ಚೈನ್ ಮುಟ್ಟುವಾಗ ದಪ್ಪ ಗ್ಲೌಸ್ ಇರಲಿ. ನಿಂತಿರುವ ಚೈನೂ ಕೈ ಕೊಯ್ಯುತ್ತದೆ.

ಸ್ಟಾರ್ಟೇ ಆಗುತ್ತಿಲ್ಲ

ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿ. ತಮಾಷೆಯಲ್ಲ. ಹೊಸ ಪೆಟ್ರೋಲಿನ ವಾಸನೆ ಮೂಗಿಗೆ ಚುರುಕಾಗಿ ಹೊಡೆಯುತ್ತದೆ. ಹಳೆಯದಾದರೆ ವಾರ್ನಿಷ್ ತರಹದ ಮಂಕು ವಾಸನೆ. ಆಯಿಲ್ ಬೆರೆಸಿಟ್ಟ ಪೆಟ್ರೋಲನ್ನು ಒಂದು ತಿಂಗಳಿಗಿಂತ ಜಾಸ್ತಿ ಇಟ್ಟು ಬಳಸದಿರುವುದು ಒಳ್ಳೆಯದು. ಅನುಮಾನ ಬಂದರೆ ಪೂರ್ತಿ ಖಾಲಿ ಮಾಡಿ ಹೊಸದು ಹಾಕಿ. 50:1 ಅಳತೆ ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಟೂ-ಸ್ಟ್ರೋಕ್ ಆಯಿಲ್. 25:1 ಆದರೆ 40 ಮಿಲಿ. ನಿಮ್ಮ ಮಿಷನ್ನಿಗೆ ಯಾವುದು ಅಂತ ಅದರ ಪುಸ್ತಕದಲ್ಲಿರುತ್ತದೆ. ಕಣ್ಣಂದಾಜಿಗೆ ಸುರಿಯಬೇಡಿ.

ಆಮೇಲೆ ಪ್ಲಗ್ ಬಿಚ್ಚಿ. ಮಿಷನ್ನಿನ ಒಳಗೆ ಏನು ನಡೆದಿದೆ ಅನ್ನುವುದು ಅದರ ಮೂತಿಯಲ್ಲೇ ಇರುತ್ತದೆ. ತಿಳಿ ಕಂದು ಬಣ್ಣವಿದ್ದರೆ ಎಲ್ಲ ಸರಿಯಾಗಿ ಉರಿಯುತ್ತಿದೆ. ಕಪ್ಪಗೆ ಮಸಿ ಹಿಡಿದು ಜಿಡ್ಡಾಗಿದ್ದರೆ ಪೆಟ್ರೋಲು ಜಾಸ್ತಿ, ಗಾಳಿ ಕಮ್ಮಿ, ಅಥವಾ ಆಯಿಲ್ ಜಾಸ್ತಿ. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಜಾಸ್ತಿ ಸೇರುತ್ತಿದೆ, ಅದು ಕೆಟ್ಟ ಸುದ್ದಿ. ಬರೀ ಒದ್ದೆಯಿದ್ದರೆ ಚೋಕ್ ಹಾಕಿಕೊಂಡೇ ಹಗ್ಗ ಎಳೆದೂ ಎಳೆದೂ ಪೆಟ್ರೋಲು ತುಂಬಿಸಿದ್ದೀರಿ. ಪ್ಲಗ್ ಒರೆಸಿ ಒಣಗಿಸಿ. ಸ್ವಿಚ್ ಆಫ್ ಇರಲಿ, ಚೋಕ್ ತೆಗೆಯಿರಿ, ಪ್ಲಗ್ ತೂತಿನ ಬಾಯಿ ನಿಮ್ಮಿಂದ ಆ ಕಡೆ ತಿರುಗಿಸಿ ನಾಲ್ಕೈದು ಸಲ ಹಗ್ಗ ಎಳೆಯಿರಿ. ಒಳಗಿನ ಪೆಟ್ರೋಲು ಚಿಮ್ಮಿ ಹೊರಗೆ ಬರುತ್ತದೆ. ಪ್ಲಗ್ ಮತ್ತೆ ಹಾಕಿ, ಈ ಸಲ ಚೋಕ್ ಇಲ್ಲದೆ ಸ್ಟಾರ್ಟ್ ಮಾಡಿ.

ಪ್ಲಗ್ ಒಣಗಿದ್ದೂ ಸ್ಟಾರ್ಟ್ ಆಗದಿದ್ದರೆ ಕಿಡಿ ನೋಡಬೇಕು. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಸಿಲಿಂಡರಿಗೆ ತಾಗುವಂತೆ ಹಿಡಿದು ಹಗ್ಗ ಎಳೆಯಿರಿ. ಪ್ಲಗ್ ತೂತಿನಿಂದ ದೂರ ಹಿಡಿಯಿರಿ, ಅಲ್ಲಿ ಪೆಟ್ರೋಲಿನ ಆವಿ ಇರುತ್ತದೆ. ಸ್ವಿಚ್ ಆನ್ ಮಾಡುವುದನ್ನು ಮರೆಯಬೇಡಿ. ಎಷ್ಟೋ ಜನ ಸ್ವಿಚ್ ಆಫ್ ಇಟ್ಟುಕೊಂಡೇ ಕಾಯಿಲ್ (ಪ್ಲಗ್ಗಿಗೆ ಕರೆಂಟ್ ಕೊಡುವ ಭಾಗ) ಹೋಗಿದೆ ಅಂತ ತೀರ್ಮಾನ ಮಾಡಿರುತ್ತಾರೆ. ನೀಲಿ ಕಿಡಿ ಚಟ್ ಅಂತ ಹಾರಿದರೆ ಸರಿ. ಹಾರದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ, ಕಿಡಿ ಹಾರುವ ಗ್ಯಾಪ್ ಸಾಮಾನ್ಯವಾಗಿ 0.5 ಮಿಮೀ. ಅದಕ್ಕೂ ಬರದಿದ್ದರೆ ಸ್ವಿಚ್ಚಿನಿಂದ ಕಾಯಿಲಿಗೆ ಹೋಗುವ ಸಣ್ಣ ವೈರ್ ಬಿಚ್ಚಿ ಮತ್ತೆ ಎಳೆಯಿರಿ. ಈಗ ಕಿಡಿ ಬಂತಾ? ಹಾಗಾದರೆ ಕಾಯಿಲ್ ಚೆನ್ನಾಗಿದೆ, ಸ್ವಿಚ್ಚೋ ವೈರೋ ಎಲ್ಲೋ ಮಿಷನ್ನಿನ ಲೋಹದ ಮೈಗೆ ತಾಗುತ್ತಿದೆ. ಪರೀಕ್ಷೆ ಮುಗಿದ ಮೇಲೆ ಆ ವೈರ್ ವಾಪಸ್ ಹಾಕದೆ ಸ್ಟಾರ್ಟ್ ಮಾಡಬೇಡಿ, ಸ್ವಿಚ್ಚಿನಿಂದ ನಿಲ್ಲಿಸಲು ಆಗುವುದಿಲ್ಲ.

ಓಡುತ್ತದೆ, ಆದರೆ ನಿಂತುಹೋಗುತ್ತದೆ

ಇಲ್ಲಿ ಯಾವಾಗ ನಿಲ್ಲುತ್ತದೆ ಅನ್ನುವುದೇ ಮುಖ್ಯ. ಹತ್ತು ನಿಮಿಷ ಚೆನ್ನಾಗಿ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತಿದೆಯಾ? ನಿಂತ ತಕ್ಷಣ ಪೆಟ್ರೋಲ್ ಮುಚ್ಚಳ ನಿಧಾನಕ್ಕೆ ಸಡಿಲಿಸಿ. ಸ್‌ಸ್ ಅಂತ ಗಾಳಿ ಒಳಗೆ ಎಳೆದುಕೊಂಡು, ಕೂಡಲೇ ಮಿಷನ್ ಸ್ಟಾರ್ಟ್ ಆದರೆ ಟ್ಯಾಂಕಿನ ಗಾಳಿ ಕಿಂಡಿ ಕಟ್ಟಿದೆ. ಪೆಟ್ರೋಲು ಹೊರಗೆ ಹೋದಷ್ಟೂ ಒಳಗೆ ಗಾಳಿ ಬರಬೇಕು. ಬರದಿದ್ದರೆ ಪೆಟ್ರೋಲು ಅಲ್ಲೇ ನಿಲ್ಲುತ್ತದೆ. ಕಿಂಡಿ ಸ್ವಚ್ಛ ಮಾಡಿದರೆ ಮುಗಿಯಿತು. ಇದಕ್ಕೆ ಕಾರ್ಬೊರೇಟರ್ ಬದಲಾಯಿಸಿದವರನ್ನೂ ನೋಡಿದ್ದೇನೆ.

ಥ್ರಾಟಲ್ ಒತ್ತಿದ ತಕ್ಷಣ ಉಸಿರು ಕಟ್ಟಿ ಸಾಯುತ್ತಿದ್ದರೆ ಟ್ಯಾಂಕಿನ ಒಳಗಿನ ಫಿಲ್ಟರ್ ನೋಡಿ. ಕೊಕ್ಕೆಯಂತೆ ಬಗ್ಗಿಸಿದ ತಂತಿಯಿಂದ ಪೈಪ್ ಹಿಡಿದು ಮೆಲ್ಲಗೆ ಎಳೆದರೆ ಟ್ಯಾಂಕಿನ ಬಾಯಿಗೆ ಬರುತ್ತದೆ. ಫಿಲ್ಟರ್ ಕಪ್ಪಗಾಗಿದ್ದರೆ ಬದಲಾಯಿಸಿ. ಹಾಗೇ ಪೈಪನ್ನು ಬೆರಳಲ್ಲಿ ಬಗ್ಗಿಸಿ ನೋಡಿ, ಕೂದಲೆಳೆಯಷ್ಟು ಬಿರುಕಿದ್ದರೂ ಪೆಟ್ರೋಲಿನ ಬದಲು ಗಾಳಿ ಎಳೆಯುತ್ತದೆ. ಏರ್ ಫಿಲ್ಟರ್ ಮೇಲೆ ಮರದ ಪುಡಿ ಗಟ್ಟಿಯಾಗಿ ಕೂತಿದ್ದರೆ ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಸ್ಟಾರ್ಟ್ ಆಗುತ್ತದೆ, ಆದರೆ ಶಕ್ತಿಯೇ ಇಲ್ಲ ಅನ್ನುವವರು ಸೈಲೆನ್ಸರ್ ಬಾಯಿ ನೋಡಿ. ಕೆಲವು ಮಿಷನ್ನುಗಳಲ್ಲಿ ಅಲ್ಲಿ ಬೆರಳುಗುರಿನಷ್ಟು ಚಿಕ್ಕ ತಂತಿ ಜಾಲರಿ ಇರುತ್ತದೆ. ಕಿಡಿ ಹೊರಗೆ ಹಾರದಿರಲಿ ಅಂತ ಇಟ್ಟದ್ದು. ಮಸಿ ಹಿಡಿದರೆ ಹೊಗೆ ಹೊರಗೆ ಹೋಗುವುದಿಲ್ಲ. ವೈರ್ ಬ್ರಷ್‌ನಲ್ಲಿ ಉಜ್ಜಿ ಮತ್ತೆ ಹಾಕಿ, ತೆಗೆದು ಬಿಸಾಕಬೇಡಿ.

ಇದೆಲ್ಲ ಆದಮೇಲೆ ಈಗ ಸ್ಕ್ರೂಡ್ರೈವರ್ ಹಿಡಿಯಿರಿ. ಎಲ್ ಅಂತ ಬರೆದಿರುವುದು ನಿಧಾನದ ಓಟಕ್ಕೆ, ಎಚ್ ಪೂರ್ತಿ ವೇಗಕ್ಕೆ, ಎಲ್‌ಎ ಅಥವಾ ಟಿ ಅಂತ ಇರುವುದು ಐಡ್ಲಿಂಗಿಗೆ, ಅಂದರೆ ಥ್ರಾಟಲ್ ಬಿಟ್ಟಾಗಿನ ಓಟಕ್ಕೆ. ಮುಟ್ಟುವ ಮೊದಲು ಎಲ್, ಎಚ್ ಸ್ಕ್ರೂಗಳನ್ನು ಒಂದೊಂದಾಗಿ ಮೆಲ್ಲಗೆ ಒಳಗೆ ಕೂರುವವರೆಗೆ ತಿರುಗಿಸಿ, ಎಷ್ಟು ಸುತ್ತು ಹೋಯಿತು ಅಂತ ಬರೆದಿಟ್ಟುಕೊಂಡು ವಾಪಸ್ ತನ್ನಿ. ಹಾಗಿದ್ದರೆ ಏನಾದರೂ ಎಡವಟ್ಟಾದರೂ ಇದ್ದಲ್ಲಿಗೇ ಹೋಗಬಹುದು. ಹೊಂದಾಣಿಕೆ ಮಾಡುವಾಗ ಇಂಜಿನ್ ಬಿಸಿಯಾಗಿರಬೇಕು. ಎಚ್ ಸ್ಕ್ರೂ ಒಳಗೆ ತಿರುಗಿಸಿದಷ್ಟೂ ಮಿಷನ್ ಕಿರುಚಿ ಜೋರಾಗಿ ಓಡುತ್ತದೆ, ಕೇಳಲು ಖುಷಿ. ಆದರೆ ಪೆಟ್ರೋಲು ಕಮ್ಮಿಯಾದರೆ ಅದರ ಜೊತೆ ಬರುವ ಆಯಿಲೂ ಕಮ್ಮಿ, ಪಿಸ್ಟನ್ ಸುಡುತ್ತದೆ. ಖಾಲಿ ಓಟದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ ಸದ್ದು ಸ್ವಲ್ಪ ಒಡೆದಂತೆ ಗೊರಗೊರ ಅನ್ನಬೇಕು, ಮರಕ್ಕೆ ಇಟ್ಟಾಗ ಅದು ನೆಟ್ಟಗಾಗಬೇಕು.

ಚೈನಿನ ಕಡೆ

ಥ್ರಾಟಲ್ ಬಿಟ್ಟಮೇಲೂ ಚೈನ್ ತಿರುಗುತ್ತಿದ್ದರೆ ಎಲ್‌ಎ ಸ್ಕ್ರೂ ಸಡಿಲಿಸಿ. ಆಗಲೂ ನಿಲ್ಲದಿದ್ದರೆ ಇಂಜಿನ್ನನ್ನು ಚೈನಿಗೆ ಜೋಡಿಸುವ ಕ್ಲಚ್ಚಿನ ಸ್ಪ್ರಿಂಗ್ ಎಳೆದುಹೋಗಿದೆ ಅಥವಾ ಮುರಿದಿದೆ. ಸರಿ ಮಾಡುವವರೆಗೆ ಅದರಲ್ಲಿ ಕೆಲಸ ಮಾಡಬೇಡಿ. ಕ್ಲಚ್ಚಿನ ಥ್ರೆಡ್ ಸಾಮಾನ್ಯವಾಗಿ ಉಲ್ಟಾ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಇಂಜಿನ್ ತಿರುಗದಿರಲು, ಪಿಸ್ಟನ್ ಮೇಲೆ ಬರುತ್ತಾ ಸೈಲೆನ್ಸರ್ ಕಡೆಯ ಕಿಂಡಿ ಮುಚ್ಚಿದ ಮೇಲೆ, ಪ್ಲಗ್ ತೂತಿನಿಂದ ಗಂಟು ಹಾಕಿದ ಬೇರೊಂದು ಹಗ್ಗ ಇಳಿಸಿ. ಇಂಜಿನ್ ಓಡುತ್ತದೆ, ಚೈನ್ ಅಲ್ಲಾಡುವುದೇ ಇಲ್ಲ ಅಂದರೆ? ಮೊದಲು ಚೈನ್ ಬ್ರೇಕ್ ಬಿಡಿಸಿ ನೋಡಿ. ಹೆಚ್ಚಿನ ಸಲ ಅಷ್ಟೇ.

ಬಾರ್ (ಚೈನ್ ಸುತ್ತ ಓಡುವ ಉದ್ದನೆ ಪಟ್ಟಿ) ಬಿಸಿಯಾಗಿ ಹೊಗೆ ಬರುತ್ತಿದ್ದರೆ ಚೈನಿಗೆ ಆಯಿಲ್ ತಲುಪುತ್ತಿಲ್ಲ. ಬಾರಿನ ತುದಿಯನ್ನು ತಿಳಿ ಬಣ್ಣದ ಮರದ ಮೇಲೆ ಸ್ವಲ್ಪ ಎತ್ತರದಲ್ಲಿ, ತಾಗದಂತೆ ಹಿಡಿದು ಜೋರಾಗಿ ಓಡಿಸಿ. ಆಯಿಲ್ ಗೆರೆ ಬೀಳಬೇಕು. ಬೀಳದಿದ್ದರೆ ಬಾರ್ ಬಿಚ್ಚಿ, ಅದರ ಅಂಚಿನ ಸಂದು ಕೆರೆದು, ಆಯಿಲ್ ತೂತನ್ನು ತಂತಿಯಿಂದ ಬಿಡಿಸಿ. ಬಾರ್ ವಾಪಸ್ ಹಾಕುವಾಗ ತಲೆಕೆಳಗು ಮಾಡಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತದೆ.

ಮೊಂಡು ಚೈನ್ ಗುರುತಿಸಲು ಉದುರಿದ್ದನ್ನು ನೋಡಿದರೆ ಸಾಕು. ಚಕ್ಕೆ ಬಿದ್ದರೆ ಹರಿತ, ನುಣ್ಣನೆ ಪುಡಿ ಬಿದ್ದರೆ ಮೊಂಡು. ಚೈನಿನ ಅಳತೆ (ಪಿಚ್, ಇಂಚಿನಲ್ಲಿ) 3/8 ಲೋ ಪ್ರೊಫೈಲ್ ಆದರೆ 4 ಮಿಮೀ ದುಂಡು ಅರ, .325ಕ್ಕೆ 4.8 ಮಿಮೀ, ಕೋನ ಸಾಮಾನ್ಯವಾಗಿ 30 ಡಿಗ್ರಿ. ಅರವನ್ನು ಮುಂದಕ್ಕೆ ಮಾತ್ರ ತಳ್ಳಿ. ಎಡ ಬಲ ಹಲ್ಲುಗಳ ಉದ್ದ ಒಂದೇ ಇರಲಿ, ಇಲ್ಲದಿದ್ದರೆ ಕೊಯ್ತ ಒಂದು ಕಡೆಗೆ ವಾಲುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ

ಹಗ್ಗ ಎಳೆಯುವಾಗ ಕೈಗೆ ಪ್ರತಿರೋಧವೇ ಇಲ್ಲದೆ ಸಲೀಸಾಗಿ ಬರುತ್ತಿದ್ದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಹೋಗಿದೆ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿದರೆ ಕಿಂಡಿಯಲ್ಲಿ ಪಿಸ್ಟನ್ ಕಾಣುತ್ತದೆ. ಮೈ ನುಣ್ಣಗಿರಬೇಕು. ಮೇಲಿಂದ ಕೆಳಗೆ ಗೀರುಗಳಿದ್ದರೆ ಆಯಿಲ್ ಸಾಲದೆ ಓಡಿದೆ. ಹೊಸ ಪಿಸ್ಟನ್ ಹಾಕುವ ಮೊದಲು ಯಾಕೆ ಸುಟ್ಟಿತು ಅಂತ ಹುಡುಕಿ: ಆಯಿಲ್ ಬೆರೆಸಿರಲಿಲ್ಲವಾ, ಎಚ್ ಸ್ಕ್ರೂ ಯಾರಾದರೂ ಒಳಗೆ ತಿರುಗಿಸಿದ್ದರಾ, ಕ್ರ್ಯಾಂಕ್ ಸೀಲ್ (ಇಂಜಿನ್ ದಂಡದ ಸುತ್ತಲಿನ ರಬ್ಬರ್) ಅಥವಾ ಕಾರ್ಬೊರೇಟರ್ ಹಿಂದಿನ ರಬ್ಬರ್ ಬಿರುಕು ಬಿಟ್ಟು ಗಾಳಿ ಸೇರುತ್ತಿದೆಯಾ. ಕಾರಣ ಹಾಗೇ ಉಳಿದರೆ ಹೊಸ ಪಿಸ್ಟನ್ ಮೇಲೂ ಅದೇ ಗೀರು ಬೀಳುತ್ತದೆ.